ಒಂದಾಗಹೊರಟವರು ಮೂರಾದ ಬಗೆ

ಕ್ರೈಸ್ತ ಮತದ ಪ್ರಾಟೆಸ್ಟೆಂಟ್ ಶಾಖೆಯಲ್ಲಿ ಪಂಗಡಗಳು ಅಸಂಖ್ಯಾತವೆಂಬುದು ವಾಚಕರಿಗೆ ತಿಳಿದ ಸಂಗತಿಯೇ. ಯೇಸುವಿನ ಶಿಷ್ಯರ ಕಾಲದ ಸರಳ ಆಚಾರಕ್ಕೆ ಮರಳಿದರೆ ಈ ಒಡಕುಗಳೆಲ್ಲ ತಾವಾಗಿಯೇ ಅಳಿಯುವುವೆಂದು ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ ಅಮೆರಿಕದ ಕೆಲವು ಬೋಧಕರು ನಂಬಿದರು. ಒಗ್ಗಟ್ಟಿಗೆ ಅಡ್ಡಿ ಯಾವುದೆಂಬುದನ್ನು ಅವರ ಕಥೆಯಷ್ಟು ನೇರವಾಗಿ ತೋರಿಸುವ ಇನ್ನೊಂದನ್ನು ನಾವು ಕಾಣೆವು.

ಕೆಂಟಕಿ ಪ್ರಾಂತದಲ್ಲಿ ಬಾರ್ಟನ್ ಸ್ಟೋನ್ ಮೊದಲಾದ ಆರು ಮಂದಿ ಬೋಧಕರು ತಾವು ಕಟ್ಟಿದ್ದ ಮಂಡಲಿಯನ್ನು 1804ರಲ್ಲಿ ತಾವೇ ವಿಸರ್ಜಿಸಿ, ಅದರ ಮರಣಶಾಸನವನ್ನೂ ಬರೆದು ಸಹಿ ಹಾಕಿದರು. ಕ್ರೈಸ್ತರೆಂಬುದರ ಹೊರತು ಬೇರೆ ಹೆಸರು ಬೇಡವೆಂದರು. ಅಧ್ಯಕ್ಷಗಿರಿಗಾಗಿ ಸಂಘಗಳು ಒಡೆಯುವುದನ್ನು ಈ ಪರಸ್ಥಳದಲ್ಲಿ ಬಹಳವಾಗಿ ಕಂಡಿರುವ ನಮಗೆ ಇದು ಸಣ್ಣ ತ್ಯಾಗವೆಂದು ತೋರುವುದಿಲ್ಲ.

ಇತ್ತ, ಐರ್ಲೆಂಡಿನಿಂದ ಪೆನ್ಸಿಲ್ವೇನಿಯಕ್ಕೆ ಬಂದಿದ್ದ ಥಾಮಸ್ ಕ್ಯಾಂಪ್‌ಬೆಲ್ಲರು 1809ರಲ್ಲಿ ಐಕ್ಯಕ್ಕಾಗಿ ಒಂದು ಘೋಷಣಾಪತ್ರವನ್ನು ಪ್ರಕಟಿಸಿದರು. ಬೈಬಲಿನಲ್ಲಿಲ್ಲದ ವಿಧಿಯನ್ನು ಯಾರ ಮೇಲೂ ಹೇರಕೂಡದೆಂಬುದು ಅದರ ಸಾರ. ಅದೇ ವರ್ಷ ಅವರ ಮಗ ಅಲೆಕ್ಸಾಂಡರರು ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿದ್ದರು. ಅಲ್ಲಿಯ ಅವರ ಸಭೆಯಲ್ಲಿ ಕರ್ತನ ಭೋಜನಕ್ಕೆ, ಅಂದರೆ ರೊಟ್ಟಿ ದ್ರಾಕ್ಷಾರಸಗಳ ಸಂಸ್ಕಾರಕ್ಕೆ, ಹಿರಿಯರು ಪರೀಕ್ಷಿಸಿ ಕೊಟ್ಟ ಸೀಸದ ಬಿಲ್ಲೆಯುಳ್ಳವರಿಗೆ ಮಾತ್ರ ಪ್ರವೇಶ. ನಮ್ಮ ಊಟದ ಕೂಪನ್ನಿನಂತೆಯೇ ಎನ್ನಬಹುದು. ಅಲೆಕ್ಸಾಂಡರರು ಬಿಲ್ಲೆಯನ್ನು ಪಡೆದರು, ತಟ್ಟೆಯಲ್ಲಿ ಹಾಕಿದರು, ಭೋಜನವನ್ನು ಸ್ವೀಕರಿಸದೆ ಹೊರಟುಹೋದರು. ಪಂಕ್ತಿಯಲ್ಲಿ ಬಡಿಸಿದ ಅನುಭವವಿರುವ ನಮ್ಮ ವಾಚಕರಿಗೆ ಇದರ ಮರ್ಮವನ್ನು ವಿವರಿಸಬೇಕಾಗಿಲ್ಲ.

1832ರ ಹೊಸ ವರ್ಷದ ವೇಳೆಗೆ ಸ್ಟೋನರ ಬಳಗವೂ ಕ್ಯಾಂಪ್‌ಬೆಲ್ಲರ ಬಳಗವೂ ಲೆಕ್ಸಿಂಗ್ಟನ್ ಪಟ್ಟಣದಲ್ಲಿ ಕೈಕುಲುಕಿ ಒಂದಾದವು. ವಾರವಾರವೂ ಕರ್ತನ ಭೋಜನ, ತಿಳಿವಳಿಕೆ ಬಂದವರಿಗೇ ನೀರಿನಲ್ಲಿ ಮುಳುಗಿಸಿ ದೀಕ್ಷಾಸ್ನಾನ, ಆಯಾ ಊರಿನ ಹಿರಿಯರದೇ ಆಡಳಿತ. ಆದಿಸಭೆಯ ಪದ್ಧತಿ ಇದೆಂದು ಅವರು ನಂಬಿ ನಡೆದರು.

ಗ್ರಂಥವು ಏನನ್ನೂ ಹೇಳದಿರುವಲ್ಲಿ ಮಾತ್ರ ಕಾಲು ಜಾರಿತು. 1860ರ ಸುಮಾರಿಗೆ ಕೆಂಟಕಿಯ ಮಿಡ್‌ವೇ ಎಂಬ ಊರಿನ ಸಭೆಯವರು ಹಾಡಿನ ಸ್ವರ ಕೂಡಲೆಂದು ಹಾರ್ಮೋನಿಯಮ್ಮಿನ ಜಾತಿಯ ಒಂದು ವಾದ್ಯವನ್ನು ತಂದರು. ಶಿಷ್ಯರ ಸಭೆಯಲ್ಲಿ ವಾದ್ಯವಿದ್ದಿತೆಂದು ಹೊಸ ಒಡಂಬಡಿಕೆ ಹೇಳುವುದಿಲ್ಲ. ನಿಷೇಧಿಸಿಲ್ಲವಾದುದರಿಂದ ಇರಲಿ ಎಂದಿತು ಒಂದು ಪಕ್ಷ. ವಿಧಿಸಿಲ್ಲವಾದುದರಿಂದ ಕೂಡದು ಎಂದಿತು ಇನ್ನೊಂದು. ಮಿಷನ್ ಸಂಘಗಳ ವಿಷಯದಲ್ಲಿಯೂ ಇದೇ ವ್ಯಾಜ್ಯ. ಅಂತರ್ಯುದ್ಧದ ಕಹಿಯೂ ಇದಕ್ಕೆ ಸೇರಿತು. 1906ರ ಸರ್ಕಾರಿ ಗಣತಿಯಲ್ಲಿ ಅವರು ಎರಡಾಗಿ ದಾಖಲಾದರು, ಮುಂದೆ ಮೂರಾದರು. ಪಾಲುದಾರಿಕೆಯ ಹೋಟೆಲು ಸಾಂಬಾರಿನ ದೆಸೆಯಿಂದ ಒಡೆದುದನ್ನು ನಾವು ಕಂಡಿಲ್ಲ. ಗಲ್ಲಾದ ಮೇಲೆ ಯಾವ ದೇವರ ಪಟವಿರಬೇಕೆಂಬುದಕ್ಕೆ ಒಡೆದುದನ್ನು ಕಂಡಿದ್ದೇವೆ!

ಆದಿಸಭೆಯನ್ನು ಅರಸಿದುದು ತಪ್ಪೆಂದು ನಾವು ಹೇಳುವುದಿಲ್ಲ. ಗ್ರಂಥದ ಮೌನವನ್ನೂ ಶಾಸನವಾಗಿಸಿದುದು ತಪ್ಪು. ಬಿಲ್ಲೆಯನ್ನು ಬಿಟ್ಟು ಬಂದವರ ಅನುಯಾಯಿಗಳೇ ಹೊಸ ಬಿಲ್ಲೆಯನ್ನು ಅಚ್ಚು ಹಾಕಿದರು.

ಇದೇ ಬಳಗದ ಒಂದು ಕವಲು, ಡಿಸೈಪಲ್ಸ್ ಆಫ್ ಕ್ರೈಸ್ಟ್ ಎಂಬುದು, ನಮ್ಮ ದೇಶದಲ್ಲಿ ಬೇರೆ ದಾರಿ ಹಿಡಿಯಿತು. 1970ರ ನವೆಂಬರ್ 29ರಂದು ನಾಗಪುರದಲ್ಲಿ ಆರು ಸಭೆಗಳು ಕೂಡಿ ಉತ್ತರ ಭಾರತ ಸಭೆಯಾದಾಗ, ಆರರಲ್ಲಿ ಒಂದು ಅದಾಗಿತ್ತು. ಬಿಷಪ್ಪರಿಲ್ಲದೆ ನಡೆದಿದ್ದವರು ಬಿಷಪ್ಪರನ್ನು ಒಪ್ಪಿಕೊಂಡರು. ಶಿಶುಗಳ ದೀಕ್ಷಾಸ್ನಾನಕ್ಕೂ ಬೆಳೆದವರ ದೀಕ್ಷಾಸ್ನಾನಕ್ಕೂ ಒಂದೇ ಸಭೆಯಲ್ಲಿ ಎಡೆ ದೊರೆಯಿತು. ತಮ್ಮ ಹಳೆಯ ಹೆಸರನ್ನು ಅವರು ಅಲ್ಲಿಯೇ ಬಿಟ್ಟುಕೊಟ್ಟರು. ಕೆಂಟಕಿಯ ಆ ಆರು ಮಂದಿ ಮರಣಶಾಸನ ಬರೆದು ಅಂದಿಗೆ 166 ವರ್ಷಗಳು ಸಂದಿದ್ದವು.