ಮೊದಲು ಬೆರಳು ತೋರಿಸಿದ್ದು ಯಾರ ಕಡೆಗೆ?

ಒಂದು ಸಣ್ಣ ಊರು, ಅಲ್ಲೊಂದು ಕಳವು ಇಲ್ಲವೇ ಕೊಲೆ, ಅದರ ಸಿಕ್ಕು ಬಿಡಿಸುವ ಪೊಲೀಸಲ್ಲದ ಒಬ್ಬ ಸಾಮಾನ್ಯ ಮನುಷ್ಯ. ಇಂಗ್ಲಿಷಿನವರು ‘ಕೋಝಿ ಮಿಸ್ಟರಿ’ ಎನ್ನುವ ಈ ಬಗೆಯ ಕಾದಂಬರಿಗಳನ್ನು ನಾನು ಪ್ರೀತಿಯಿಂದ ಓದುತ್ತೇನೆ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ನೆಲದಲ್ಲೂ ಇಂಥವು ಹುಟ್ಟಬೇಕು ಎಂದಾಗಲೆಲ್ಲ ಓದಿಕೊಂಡ ಸ್ನೇಹಿತರು ಬೇಡವೆನ್ನುತ್ತಾರೆ. ಅವರು ಕೊಡುವ ಕಾರಣಗಳಿಗೆ ಒಂದೊಂದಾಗಿ ಉತ್ತರ ಹೇಳುತ್ತೇನೆ.

“ಇದು ಇಂಗ್ಲೆಂಡಿನ ಸರಕು. ಹೂದೋಟ, ಚರ್ಚು, ಸಂಜೆಯ ಚಹಾ ಇರುವ ಹಳ್ಳಿಗೆ ಸರಿ, ನಮಗೆ ಹೊಂದದು” ಎನ್ನುತ್ತಾರೆ. ಅಗಾಥಾ ಕ್ರಿಸ್ಟಿಯ ಮಿಸ್ ಮಾರ್ಪಲ್ 1927ರಲ್ಲಿ ಸಣ್ಣಕತೆಯೊಂದರಲ್ಲಿ ಮೊದಲು ಕಾಣಿಸಿಕೊಂಡಳು, 1930ರಲ್ಲಿ ಕಾದಂಬರಿಗೆ ಬಂದಳು. ಆ ಮುದುಕಿಯ ಬಂಡವಾಳ ಹೂದೋಟವೇ? ಆಯುಷ್ಯವಿಡೀ ತನ್ನ ಹಳ್ಳಿಯ ಜನರನ್ನು ನೋಡಿದವಳು ಅವಳು. ಹೊರಗಿನ ಯಾರ ನಡತೆ ಕಂಡರೂ ಅವಳಿಗೆ ತನ್ನೂರಿನ ಒಬ್ಬರ ನೆನಪಾಗುತ್ತದೆ. ನಮ್ಮಲ್ಲಿ ಬೀಡಿ ಕಟ್ಟುವ ಹೆಂಗಸರಿಗೆ ಆ ತಿಳಿವಳಿಕೆ ಇದೆ. ಮಡಿಲಲ್ಲಿ ತಡ್ಪೆ ಎಂಬ ಮೊರ, ಕಣ್ಣು ದಾರಿಯ ಮೇಲೆ. ಕಟ್ಟಿದ ಬೀಡಿ ಕೊಡಲು ಕಂಪನಿಯ ಬ್ರಾಂಚಿಗೆ ಹೋದಾಗ ಸುತ್ತಲಿನ ನಾಲ್ಕು ಊರಿನ ಸಂಗತಿ ಕಿವಿಗೆ ಬೀಳುತ್ತದೆ. ಗಲ್ಫಿನಿಂದ ರಜೆಗೆ ಬಂದ ಯಾವ ಮನೆಯ ಮಗ ಮರಳಿ ಹೋಗಿಲ್ಲ, ಯಾರು ಇದ್ದಕ್ಕಿದ್ದಂತೆ ಸಾಲ ತೀರಿಸಿದರು, ಅವರಿಗೆ ಗೊತ್ತು. ಬಿ.ಸಿ. ರೋಡಿನಿಂದ ಸಿದ್ಧಕಟ್ಟೆ ಹಾದು ಮೂಡುಬಿದಿರೆ, ಅಲ್ಲಿಂದ ವೇಣೂರು, ಗುರುವಾಯನಕೆರೆಯ ಮೇಲೆ ಬೆಳ್ತಂಗಡಿ, ಪುಂಜಾಲಕಟ್ಟೆ, ವಗ್ಗ ದಾಟಿ ಮತ್ತೆ ಬಿ.ಸಿ. ರೋಡು. ಈ ಸುತ್ತಿನಲ್ಲಿ ಬಸ್ಸು ಓಡಿಸುವವರಿಗೆ, ದಿನಾ ಹತ್ತುವವರಲ್ಲಿ ಇವತ್ತು ಯಾರು ಹತ್ತಲಿಲ್ಲ ಎಂಬುದೂ ತಿಳಿಯುತ್ತದೆ. ಪತ್ತೇದಾರಿಕೆಗೆ ಇದಕ್ಕಿಂತ ಒಳ್ಳೆಯ ನೆಲ ಯಾವುದಿದೆ?

“ಮೂರನೇ ದರ್ಜೆಯ ಸಾಹಿತ್ಯ” ಎಂಬುದು ಇನ್ನೊಂದು ಮಾತು. ನಾಲ್ಕನೇ ತರಗತಿಯವರೆಗೆ ಓದಿದ ಎನ್. ನರಸಿಂಹಯ್ಯನವರು 500ಕ್ಕೂ ಹೆಚ್ಚು ಪತ್ತೇದಾರಿ ಕಾದಂಬರಿ ಬರೆದು ಎಷ್ಟೋ ಮನೆಗಳಿಗೆ ಕನ್ನಡ ಓದುವ ರುಚಿ ಹತ್ತಿಸಿದರು. ತೇಜಸ್ವಿಯವರ ‘ಚಿದಂಬರ ರಹಸ್ಯ’ ಕೆಸರೂರೆಂಬ ಸಣ್ಣ ಊರಿನ ಸುತ್ತ, ಒಂದು ನಿಗೂಢ ಸಾವಿನ ಸುತ್ತ ಬೆಳೆದ ಕೃತಿ. 1987ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಅದಕ್ಕೆ ಬಂತು. ದರ್ಜೆ ಬರೆಯುವವರ ಕೈಯಲ್ಲಿದೆ.

ಮೂರನೆಯ ಆಕ್ಷೇಪ ನನ್ನನ್ನು ನಿಜವಾಗಿ ಕೆಣಕಿದ್ದು. “ಈ ಪುಸ್ತಕಗಳು ಚಾಡಿ ಕಲಿಸುತ್ತವೆ. ಮೊದಲೇ ನಮ್ಮ ಊರುಗಳಲ್ಲಿ ಒಬ್ಬರ ಮನೆಯ ಮೇಲೆ ಇನ್ನೊಬ್ಬರ ಕಣ್ಣು.” ಕಣ್ಣು ಇರುವುದು ನಿಜ. ನನ್ನ ಬಾಲ್ಯದಲ್ಲಿ ಸಿದ್ಧಕಟ್ಟೆಯ ಹತ್ತಿರದ ನಮ್ಮ ಅಜ್ಜಿಮನೆಯಲ್ಲಿ ಒಂದು ಬೆಂಡೋಲೆ ಕಾಣೆಯಾಯಿತು. ಅರ್ಧ ಗಂಟೆಯೊಳಗೆ ಎಲ್ಲರ ಸಂಶಯವೂ ಅಡಿಕೆ ಹೆಕ್ಕಲು ಬರುತ್ತಿದ್ದ ಹುಡುಗಿಯ ಮೇಲೆ ಹೋಗಿ ನಿಂತಿತು. ಅವಳು ಅತ್ತು ಮನೆಗೆ ಹೋದಳು, ಮರುದಿನ ಬರಲಿಲ್ಲ; ಬಾರದ್ದೇ ಸಾಕ್ಷಿಯಾಯಿತು. ಅಜ್ಜಿ ಪಣೋಲಿಬೈಲಿಗೆ ಹರಕೆ ಹೇಳಿಕೊಂಡರು. ಸಂಜೆ ಬಂದ ನೆರೆಮನೆಯ ಹೆಂಗಸು ಬೀಡಿ ಸುತ್ತುತ್ತಲೇ, “ಅಂದು ಅಕ್ಕಿ ಕೇರಿದ್ದು ಯಾರು ಅಕ್ಕಾ?” ಎಂದು ಕೇಳಿದರು. ಕೇರಿದ್ದು ಅಜ್ಜಿಯೇ. ನುಚ್ಚಿನ ಡಬ್ಬ ಸುರಿದಾಗ ಬೆಂಡೋಲೆ ಅದರೊಳಗಿತ್ತು. ಆ ಹುಡುಗಿ ಮಾತ್ರ ನಮ್ಮ ಮನೆಗೆ ಮತ್ತೆ ಬರಲಿಲ್ಲ. ನಲವತ್ತು ವರ್ಷವಾದರೂ ನನಗೆ ಆ ನಾಚಿಕೆ ಹೋಗಿಲ್ಲ.

ಈ ಕಾದಂಬರಿಗಳ ಹಂದರವನ್ನು ಸ್ನೇಹಿತರು ಇನ್ನೊಮ್ಮೆ ನೋಡಲಿ. ಊರು ಮೊದಲು ಬೆರಳು ತೋರಿಸಿದವರು ಬಹುಪಾಲು ನಿರಪರಾಧಿಗಳು. ಕೆಲಸದವಳು, ಹೊರಗಿನಿಂದ ಬಂದವನು, ಹಿಂದೊಮ್ಮೆ ಹೆಸರು ಕೆಡಿಸಿಕೊಂಡವನು. ಓದುಗರೂ ಅವರನ್ನೇ ಸಂಶಯಿಸುತ್ತಾರೆ, ಆಮೇಲೆ ತಾವು ಸಂಶಯಿಸಿದ್ದು ಯಾಕೆಂದು ತಮ್ಮನ್ನೇ ಕೇಳಿಕೊಳ್ಳಬೇಕಾಗುತ್ತದೆ. ಚಾಡಿಗೆ ಕೇಳಿದ ಮಾತೇ ಸಾಕು. ಪತ್ತೆ ಮಾಡುವವಳು ಅದನ್ನು ಬಸ್ಸಿನ ಹೊತ್ತಿಗೆ, ಒದ್ದೆ ಚಪ್ಪಲಿಗೆ, ನುಚ್ಚಿನ ಡಬ್ಬಕ್ಕೆ ತಾಳೆ ಹಾಕುತ್ತಾಳೆ. ಅಪವಾದದಲ್ಲಿ ಬದುಕು ಸವೆಸುವವರಿರುವ ಊರುಗಳಿಗೆ ಈ ಓದು ಬೇಕು.

“ಸಾವನ್ನು ಬೆಚ್ಚಗಿನ ಓದು ಮಾಡುವುದು ತಪ್ಪು. ಉತ್ತರ ಸಿಗದ ನಿಜವಾದ ಸಾವುಗಳ ಸುದ್ದಿಯನ್ನು ವರ್ಷಗಟ್ಟಲೆ ಓದಿದ ತಾಲ್ಲೂಕಿನಲ್ಲಿ ಕುಳಿತು ಇದನ್ನು ಹೇಗೆ ಓದುತ್ತೀರಿ?” ಬೆಳ್ತಂಗಡಿಯ ಗೆಳೆಯರೊಬ್ಬರು ಕೇಳಿದ ಪ್ರಶ್ನೆಯಿದು. ಇದರ ಭಾರ ನನಗೆ ತಿಳಿಯುತ್ತದೆ. ಹೆಣವನ್ನು ಬರೀ ಕತೆ ಶುರುಮಾಡುವ ನೆಪವಾಗಿ ಬಳಸುವ ಪುಸ್ತಕಗಳಿವೆ, ಅವನ್ನು ನಾನು ಸಮರ್ಥಿಸುವುದಿಲ್ಲ. ಆದರೆ ಒಳ್ಳೆಯ ಕೃತಿಯಲ್ಲಿ ಸತ್ತವರು ಬಡವರೇ ಆಗಲಿ, ಯಾರಿಗೂ ಬೇಡದವರೇ ಆಗಲಿ, “ಏನಾಯಿತು?” ಎಂದು ಕೊನೆಯ ಪುಟದವರೆಗೆ ಬಿಡದೆ ಕೇಳುವ ಒಬ್ಬರಿರುತ್ತಾರೆ. ಆ ಬೆಚ್ಚಗಿನ ಭಾವ ಹುಟ್ಟುವುದು ಅಲ್ಲಿಂದ, ಸಾವಿನಿಂದಲ್ಲ. ಉತ್ತರ ಸಿಗದೆ ನೊಂದವರಿಗೇ ಇಂಥ ಕತೆಯ ಹಸಿವು ಹೆಚ್ಚು.

ಕೊನೆಗೆ, “ತನಿಖೆ ಪೊಲೀಸರ ಕೆಲಸ. ಸಾಮಾನ್ಯರಿಗೆ ಕೇಳುವ ಅಧಿಕಾರ ಕೊಟ್ಟವರು ಯಾರು?” ಬಂಧಿಸುವುದು, ಶಿಕ್ಷಿಸುವುದು ಪೊಲೀಸರಿಗೆ, ನ್ಯಾಯಾಲಯಕ್ಕೆ ಸೇರಿದ್ದು, ಈ ಕಾದಂಬರಿಗಳಲ್ಲೂ ಅಪರಾಧಿಯನ್ನು ಒಪ್ಪಿಸುವುದು ಅವರಿಗೇ. ಕೇಳುವುದಕ್ಕೆ ಅಪ್ಪಣೆ ಬೇಕೆಂದು ಈ ನೆಲ ಎಂದೂ ಒಪ್ಪಿಲ್ಲ. ತುಳು ಹಾಡುಗತೆಯಾದ ಪಾಡ್ದನದ ಬೀರ ಕಲ್ಕುಡ ಕಾರ್ಕಳದ ಗೊಮ್ಮಟನನ್ನು ಕಡೆದ. ಇಂಥದ್ದು ಇನ್ನೊಂದು ಆಗಬಾರದೆಂದು ಅರಸ ಅವನ ಒಂದು ಕೈ, ಒಂದು ಕಾಲು ಕಡಿಸಿದ. ಉಳಿದ ಕೈಯಲ್ಲೇ ಅವನು ವೇಣೂರಿನ ಗೊಮ್ಮಟನನ್ನು ಎಬ್ಬಿಸಿದ. (ಇತಿಹಾಸದಲ್ಲಿ ಕಾರ್ಕಳದ್ದು 1432, ವೇಣೂರಿನದು 1604, ಪಾಡ್ದನದ ಕಾಲ ಬೇರೆ.) ಕಲ್ಕುಡ ಇಲ್ಲಿನವರಿಗೆ ದೈವ; ದೈವವನ್ನು ನಾನು ಕಾದಂಬರಿಯ ಪಾತ್ರಕ್ಕೆ ಹೋಲಿಸುತ್ತಿಲ್ಲ. ಆದರೆ ಅಣ್ಣ ಮನೆಗೆ ಬಾರದಿದ್ದಾಗ ತಾನೇ ಹುಡುಕಿ ಹೊರಟವಳು ತಂಗಿ ಕಲ್ಲುರ್ಟಿ. ಕಳೆದದ್ದು ಸಿಗಲೆಂದು ಬಂಟ್ವಾಳ ತಾಲ್ಲೂಕಿನ ಪಣೋಲಿಬೈಲಿನಲ್ಲಿ ಜನ ಇವತ್ತಿಗೂ ಹರಕೆ ಹೇಳಿಕೊಳ್ಳುವುದು, ನಮ್ಮ ಅಜ್ಜಿ ಅಂದು ಹೇಳಿಕೊಂಡದ್ದು, ಅವಳಿಗೇ.