ಹೋಗಿ ಬಂದೆವು ಸರಿ, ಕಂಡದ್ದೇನು?

ಒಂದು ಭಾನುವಾರ ಸಂಜೆ ಕೋಪರಖೈರಣೆಯ ನಮ್ಮ ಬಳಗದ ಕೂಟದಲ್ಲಿ ಯುರೋಪು ಪ್ರವಾಸಕಥನವೊಂದರ ವಾಚನ ನಡೆಯಿತು. ಹನ್ನೊಂದು ದಿನ, ಏಳು ದೇಶ. ನಲವತ್ತು ನಿಮಿಷಗಳ ವಾಚನದಲ್ಲಿ ಹದಿನೈದು ನಿಮಿಷ ವೀಸಾ ಮತ್ತು ವಿಮಾನ ನಿಲ್ದಾಣಗಳಿಗೆ ಹೋಯಿತು. ಇನ್ನು ಹದಿನೈದು ನಿಮಿಷ, ಆಲ್ಪ್ಸ್ ಪರ್ವತದ ಬುಡದಲ್ಲಿಯೂ ಅನ್ನ ಸಾರು ಸಿಕ್ಕಿತೆಂಬ ಸಂಭ್ರಮಕ್ಕೆ ಹೋಯಿತು. ಉಳಿದ ಹತ್ತು ನಿಮಿಷಗಳಲ್ಲಿ ಏಳು ದೇಶಗಳು ಮುಗಿದವು. ನಾವೆಲ್ಲ ಚಪ್ಪಾಳೆ ತಟ್ಟಿದೆವು. ಕೊನೆಗೆ, ಅಜ್ಜಿಯ ಜೊತೆ ಬಂದಿದ್ದ ಏಳನೆಯ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತು, "ಅಂಕಲ್, ಅಲ್ಲಿಯವರು ನಿಮ್ಮ ಜೊತೆ ಏನು ಮಾತಾಡಿದ್ರು?" ಎಂದು ಕೇಳಿದಳು. ಸಭೆ ನಕ್ಕಿತು. ವಾಚಿಸಿದವರೂ ನಕ್ಕರು. ಉತ್ತರ ಬರಲಿಲ್ಲ, ಚಹಾ ಬಂತು.

ಆ ಪ್ರಶ್ನೆ ನಮ್ಮನ್ನು ಇನ್ನೂ ಬಿಟ್ಟಿಲ್ಲ. ವಾಚಿಸಿದ ಹಿರಿಯರನ್ನು ಹೀಗಳೆಯಲು ನಾವು ಇದನ್ನು ಬರೆಯುತ್ತಿಲ್ಲ. ಅವರ ಜಾಗದಲ್ಲಿ ನಮ್ಮಲ್ಲಿ ಯಾರೇ ನಿಂತಿದ್ದರೂ ಕಥನ ಬೇರೆಯಾಗುತ್ತಿರಲಿಲ್ಲ. ಸಿಂಗಾಪುರ, ದುಬೈ, ಸ್ವಿಟ್ಜರ್ಲೆಂಡ್, ಮಗಳ ಬಾಣಂತನದ ನೆಪದಲ್ಲಿ ಅಮೆರಿಕ, ಎಲ್ಲಿಗೆ ಹೋಗಿಲ್ಲ ನಾವು? ನಮ್ಮ ಮನೆಗಳ ಶೋಕೇಸುಗಳಲ್ಲಿ ಐಫೆಲ್ ಗೋಪುರದ ಹಿತ್ತಾಳೆಯ ಮರಿಗಳು ನಿಂತಿವೆ. ನಮ್ಮ ತಕರಾರು ಪ್ರವಾಸದ ಮೇಲಲ್ಲ. ಪ್ರವಾಸವೆಂಬ ದೊಡ್ಡ ವಿದ್ಯೆಯನ್ನು ನಾವು ಕಿರಾಣಿ ಅಂಗಡಿಯ ಚೀಟಿಯನ್ನಾಗಿ ಮಾಡಿಕೊಂಡಿದ್ದೇವಲ್ಲ, ಅದರ ಮೇಲೆ.

'ಸಾಯುವ ಮೊದಲು ನೋಡಲೇಬೇಕಾದ ತಾಣಗಳು' ಎಂಬ ಪಟ್ಟಿಗಳು ಈಗ ಎಲ್ಲೆಲ್ಲೂ ಇವೆ. ಯಮನ ಹೆಸರಿನಲ್ಲಿ ಟಿಕೇಟು ಮಾರುವ ಈ ಭಾಷೆಯೇ ಮೊದಲು ವಿಚಿತ್ರವಾದುದು. ಅಲ್ಲಿಗೆ ಹೋಗಿ ಏನು ಮಾಡಬೇಕೆಂಬುದನ್ನೂ ಪಟ್ಟಿಯೇ ಹೇಳುತ್ತದೆ. ಈ ಮೆಟ್ಟಿಲ ಮೇಲೆ ನಿಂತು ಚಿತ್ರ ತೆಗೆಯಿರಿ, ಈ ಬೀದಿಯಲ್ಲಿ ಇದನ್ನು ತಿನ್ನಿರಿ, ಈ ಅಂಗಡಿಯಲ್ಲಿ ಅದನ್ನು ಕೊಳ್ಳಿರಿ. ಪಟ್ಟಿಗೆ ಎಲ್ಲ ಊರುಗಳೂ ಒಂದೇ. ಪ್ಯಾರಿಸ್ಸಿನ ಲೂವ್ರ್ ವಸ್ತುಸಂಗ್ರಹಾಲಯದಲ್ಲಿ ಮೋನಾಲಿಸಾಳ ಚಿತ್ರ ಇರುವುದು 77 ಸೆಂಟಿಮೀಟರ್ ಎತ್ತರ, 53 ಸೆಂಟಿಮೀಟರ್ ಅಗಲ. ನೂರಾರು ಮಂದಿಯ ತಲೆಗಳ ಮೇಲಿಂದ ಮೊಬೈಲು ಎತ್ತಿ ಹಿಡಿದು, ಬೆನ್ನು ತಿರುಗಿಸಿ ತನ್ನ ಮುಖವನ್ನು ಅದರ ಜೊತೆ ಸೇರಿಸಿಕೊಂಡು ಬಂದವನು ಚಿತ್ರವನ್ನು ಕಂಡನೆನ್ನಬೇಕೆ, ತನ್ನನ್ನೇ ಕಂಡನೆನ್ನಬೇಕೆ?

ಈ ಪಟ್ಟಿಗಳ ಭಾರವನ್ನು ಆ ಊರುಗಳೇ ತಾಳಲಾರದಾಗಿವೆ. ವೆನಿಸ್ ನಗರವು 2024ರ ಏಪ್ರಿಲ್ 25ರಿಂದ, ನಿಗದಿತ ದಿನಗಳಲ್ಲಿ, ಬೆಳಿಗ್ಗೆ ಬಂದು ಸಂಜೆಗೆ ಮರಳುವ ಪ್ರವಾಸಿಗರಿಂದ 5 ಯೂರೋ ಪ್ರವೇಶ ಶುಲ್ಕ ಪಡೆಯತೊಡಗಿತು. ಅದೇ ವರ್ಷದ ಜುಲೈಯಲ್ಲಿ ಬಾರ್ಸಿಲೋನಾದ ಜನ ಬೀದಿಗಿಳಿದು, ಹೋಟೆಲುಗಳ ಮುಂದೆ ಕುಳಿತಿದ್ದ ಪ್ರವಾಸಿಗರ ಮೇಲೆ ಆಟಿಕೆಯ ಪಿಸ್ತೂಲುಗಳಿಂದ ನೀರೆರಚಿದರು. ಅತಿಥಿಯನ್ನು ದೇವರೆಂದು ಕರೆಯುವ ನಾಡಿನಿಂದ ಹೋದ ನಾವು ಒಮ್ಮೆಯಾದರೂ ಯೋಚಿಸಬೇಡವೆ, ಅತಿಥೇಯನಿಗೆ ಹೀಗೇಕಾಯಿತೆಂದು? ಮಾತಾಡದೆ, ಕೇಳದೆ, ಚಿತ್ರ ತೆಗೆದುಕೊಂಡು ಹೊರಟುಹೋಗುವವನು ಅತಿಥಿ ಹೇಗಾದಾನು?

ಕನ್ನಡದ ಓದುಗರಾದ ನಮಗೆ ಇದಕ್ಕಿಂತ ಒಳ್ಳೆಯ ಮೇಲ್ಪಂಕ್ತಿ ಇಲ್ಲದಿದ್ದರೆ ಕ್ಷಮೆಯಿತ್ತು. ನಮ್ಮ ಪ್ರವಾಸ ಸಾಹಿತ್ಯ ಬಡವಾದುದಲ್ಲ. ಶಿವರಾಮ ಕಾರಂತರು 'ಅಪೂರ್ವ ಪಶ್ಚಿಮ'ವನ್ನು ಬರೆದಾಗ ಅವರ ಜೊತೆ ಹೋದದ್ದು ಕಲೆಯನ್ನೂ ಬದುಕನ್ನೂ ಅಳೆದು ನೋಡುವ ಒಂದು ಹಟಮಾರಿ ಮನಸ್ಸು. ಮಕ್ಕಳ ಮನೆಗೆಂದು ಹೋದ ಎಷ್ಟೋ ಮಂದಿ ಹಿರಿಯರು ಅಮೆರಿಕವನ್ನು ಕಿಟಕಿಯಿಂದಷ್ಟೇ ನೋಡಿದರು. ಗೊರೂರು ರಾಮಸ್ವಾಮಿ ಅಯ್ಯಂಗಾರ್ಯರು ಅದೇ ದೇಶದಿಂದ 'ಅಮೆರಿಕಾದಲ್ಲಿ ಗೊರೂರು' ತಂದರು, ಅದಕ್ಕೆ 1980ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ನೇಮಿಚಂದ್ರರು ಪೆರುವಿನವರೆಗೆ ಹೋಗಿ, ಓದಿದವರಿಗೆ ಆ ಕಣಿವೆಯ ಜನರ ಇತಿಹಾಸವನ್ನೇ ತಂದುಕೊಟ್ಟರು. ಇನ್ನು ಬಿ.ಜಿ.ಎಲ್. ಸ್ವಾಮಿಯವರು ವಿದೇಶಕ್ಕೂ ಹೋಗದೆ, ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನ ವಿದ್ಯಾರ್ಥಿಗಳನ್ನು ಕರೆದುಕೊಂಡು ಕಾಡಿನಲ್ಲಿ ಗಿಡ ಹುಡುಕುತ್ತ ಅಲೆದರು. ಆ ಅಲೆದಾಟದಿಂದ ಹುಟ್ಟಿದ 'ಹಸುರು ಹೊನ್ನು' 1978ರ ಅಕಾಡೆಮಿ ಪ್ರಶಸ್ತಿ ಪಡೆಯಿತು. ಇವರಾರೂ ಪಟ್ಟಿ ಹಿಡಿದು ಹೊರಟವರಲ್ಲ. ಒಂದು ಪ್ರಶ್ನೆಯನ್ನು ಕಟ್ಟಿಕೊಂಡು ಹೊರಟವರು.

ಈಗ ನಮ್ಮ ಅಂಗಳದ ಮಾತು. ಆ ಹುಡುಗಿಯ ಪ್ರಶ್ನೆಯ ಬಳಿಕದ ಕೂಟದಲ್ಲಿ ನಾವೊಂದು ಪ್ರಶ್ನೆ ಹಾಕಿದೆವು: ಕನ್ಹೇರಿಗೆ ಯಾರು ಯಾರು ಹೋಗಿದ್ದೀರಿ? ಎದ್ದ ಕೈಗಳು ಬೆರಳೆಣಿಕೆಯಷ್ಟು. ಅವುಗಳಲ್ಲಿಯೂ ಹೆಚ್ಚಿನವು ಶಾಲೆಯ ಪಿಕ್‌ನಿಕ್ಕಿನ ನೆನಪಿನವು. ಕೋಪರಖೈರಣೆಯಿಂದ ಥಾಣೆಗೆ ಲೋಕಲ್ ಗಾಡಿ, ಥಾಣೆಯಿಂದ ಘೋಡ್‌ಬಂದರ್ ರಸ್ತೆಯ ಬಸ್ಸು, ಬೋರಿವಲಿಯ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನದ ಬಾಗಿಲು, ಅಲ್ಲಿಂದ ಕಾಡಿನ ನಡುವಿನ ರಸ್ತೆ. ವೀಸಾ ಬೇಡ. ಅಲ್ಲಿ ಬೆಟ್ಟದ ಕರಿಗಲ್ಲಿನಲ್ಲಿ ಸಾವಿರ ವರ್ಷಗಳ ಅವಧಿಯಲ್ಲಿ ಕೊರೆದ ನೂರಕ್ಕೂ ಹೆಚ್ಚು ಬೌದ್ಧ ಗುಹೆಗಳಿವೆ. ಭಿಕ್ಷುಗಳ ಕೋಣೆಗಳಿವೆ, ಚೈತ್ಯವಿದೆ, ಮಳೆಯ ನೀರನ್ನು ಹಿಡಿದಿಡುವ ಕಲ್ಲಿನ ತೊಟ್ಟಿಗಳಿವೆ. ಶಾಸನಗಳಲ್ಲಿ ಈ ಬೆಟ್ಟದ ಹೆಸರು ಕೃಷ್ಣಗಿರಿ.

ಅಲ್ಲಿಯ 11ನೆಯ ಗುಹೆಯಲ್ಲಿ ಶಕ 775ರ, ಅಂದರೆ ಕ್ರಿ.ಶ. 854ರ ಸುಮಾರಿನ, ಸಂಸ್ಕೃತ ಶಾಸನವೊಂದಿದೆ. ಆಳುತ್ತಿರುವ ಚಕ್ರವರ್ತಿಯ ಹೆಸರು ಅಮೋಘವರ್ಷ. ಹೌದು, ಅವನೇ. ಮಾನ್ಯಖೇಟದ, ಎಂದರೆ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡದ, ನೃಪತುಂಗ. ಅವನ ಆಸ್ಥಾನದಲ್ಲಿ ಶ್ರೀವಿಜಯನ ಕೈಯಲ್ಲಿ 'ಕವಿರಾಜಮಾರ್ಗ' ರೂಪುಗೊಂಡದ್ದು ಹೆಚ್ಚುಕಡಿಮೆ ಅದೇ ದಶಕಗಳಲ್ಲಿ. ಕನ್ನಡದ ನಾಡು ಕಾವೇರಿಯಿಂದ ಗೋದಾವರಿಯವರೆಗೆ ಎಂದು ಆ ಕೃತಿ ಸಾರಿದ್ದನ್ನು ನಾವು ಪ್ರತಿ ನವೆಂಬರಿನಲ್ಲಿ ವೇದಿಕೆಯ ಮೇಲೆ ಹೇಳುತ್ತೇವೆ. ಆದರೆ ಅದೇ ಅರಸನ ಹೆಸರು ನಮ್ಮ ಮನೆಯಿಂದ ಅರ್ಧ ದಿನದ ಹಾದಿಯಲ್ಲಿ ಕಲ್ಲಿನಲ್ಲಿ ಕುಳಿತಿರುವುದನ್ನು ನೋಡಲು ಹೋಗುವುದಿಲ್ಲ. ಆಗ ಕೊಂಕಣವನ್ನು ಆಳುತ್ತಿದ್ದವರು ರಾಷ್ಟ್ರಕೂಟರ ಸಾಮಂತರಾದ ಶಿಲಾಹಾರರು. ದತ್ತಿ ಕೊಟ್ಟವನು ದೂರದ ಗೌಡ ದೇಶದ, ಎಂದರೆ ಬಂಗಾಳದ ಕಡೆಯ, ಬೌದ್ಧ ಉಪಾಸಕ ಅವಿಘ್ನಾಕರ. ಭಿಕ್ಷುಗಳ ಧ್ಯಾನದ ಕೋಣೆಗಳಿಗೂ ಉಡುಗೆಗೂ ಅವನು ನೂರು ದ್ರಮ್ಮಗಳನ್ನು ಇಟ್ಟ. ಬಂಗಾಳದಿಂದ ಹೊರಟವನು, ಕೊಂಕಣದ ಗುಹೆಯಲ್ಲಿ, ಕರ್ನಾಟಕದ ಅರಸನ ಆಳ್ವಿಕೆಯಲ್ಲಿ, ತನಗೆ ಗುರುತಿಲ್ಲದ ಭಿಕ್ಷುಗಳ ಬಟ್ಟೆಗೆ ಹಣವಿಟ್ಟು ಹೋದ. ಪ್ರವಾಸಿಯೆಂದರೆ ಅವನು.

ಅದೇ ಬೆಟ್ಟದ 90ನೆಯ ಗುಹೆಯಲ್ಲಿ ಇನ್ನೊಂದು ಬಗೆಯ ಪ್ರವಾಸಿಗರಿದ್ದಾರೆ. 1009ರಲ್ಲಿ ಮತ್ತು 1021ರಲ್ಲಿ ಕನ್ಹೇರಿಯನ್ನು ನೋಡಲು ಬಂದ ಪಾರಸಿಗಳು ಪಹ್ಲವಿ ಲಿಪಿಯಲ್ಲಿ ದಿನಾಂಕವನ್ನೂ ತಮ್ಮ ಹೆಸರುಗಳನ್ನೂ ಕೆತ್ತಿ ಹೋಗಿದ್ದಾರೆ. 'ನಾವು ಬಂದಿದ್ದೆವು' ಎಂಬ ಆಸೆ ಇಂದಿನದಲ್ಲ, ಅದಕ್ಕೆ ಸಾವಿರ ವರ್ಷ ಮೀರಿದೆ ಎಂದು ನಮ್ಮ ಮೊಬೈಲಿನ ಮಕ್ಕಳ ಪರವಾಗಿ ಒಪ್ಪಿಕೊಳ್ಳೋಣ. ಆದರೆ ಒಂದು ಹೆಸರನ್ನು ಕಲ್ಲಿನಲ್ಲಿ ಕೆತ್ತಲು ಬಿಸಿಲಿನಲ್ಲಿ ಎಷ್ಟು ಹೊತ್ತು ಬೇಕು? ಅಷ್ಟು ಹೊತ್ತು ಅವರು ಅಲ್ಲಿ ಇದ್ದರು. ಗೌಡ ದೇಶದವನು ದ್ರಮ್ಮ ಬಿಟ್ಟುಹೋದ, ಪಾರಸಿಗಳು ಹೆಸರು ಬಿಟ್ಟುಹೋದರು. ನಾವು ಹೋದರೆ ಪ್ಲಾಸ್ಟಿಕ್ ಬಾಟಲಿ ಬಿಟ್ಟುಬರುತ್ತೇವೆ.

ಇಲ್ಲಿ ಕನ್ನಡಾಭಿಮಾನಿ ಗೆಳೆಯರು ಉಬ್ಬುವುದು ಬೇಡ. 'ನೋಡಿ, ಮುಂಬಯಿಯೂ ನಮ್ಮದೇ ಆಗಿತ್ತು' ಎನ್ನಲು ಕನ್ಹೇರಿಗೆ ಹೋಗುವುದಾದರೆ ಮನೆಯಲ್ಲೇ ಇರುವುದು ಲೇಸು. ಆ ಶಾಸನ ಕೊಡುವುದು ಒಡೆತನದ ಪಟ್ಟಾ ಅಲ್ಲ, ಸಂಬಂಧದ ಸಾಕ್ಷಿ. ಘಾರಾಪುರಿಯ ಗುಹೆಯನ್ನು ಹಿಂದೆ ಕೆಲವರು ರಾಷ್ಟ್ರಕೂಟರದೆಂದರು, ಇನ್ನು ಕೆಲವರು ಚಾಲುಕ್ಯರದೆಂದರು. ಈಗ ಬಹುಪಾಲು ವಿದ್ವಾಂಸರು ಅದನ್ನು ಆರನೆಯ ಶತಮಾನದ ಕಲಚುರಿ ಕಾಲದ್ದೆನ್ನುತ್ತಾರೆ. ಅದರಿಂದ ನಮಗೆ ನಷ್ಟವೇನು? ಐದು ಮೀಟರಿಗೂ ಮಿಗಿಲಾದ ಆ ಸದಾಶಿವನ ಮುಂದೆ ಒಂದು ಗಂಟೆ ಸುಮ್ಮನೆ ನಿಂತರೂ ಯಾರೂ ತಳ್ಳುವುದಿಲ್ಲ. ಪೋರ್ಚುಗೀಸರು ಆ ದ್ವೀಪಕ್ಕೆ ಎಲಿಫೆಂಟಾ ಎಂದು ಹೆಸರಿಡಲು ಕಾರಣವಾದ ಕಲ್ಲಿನ ಆನೆ ಬೈಕಲಾದ ಭಾವು ದಾಜಿ ಲಾಡ್ ವಸ್ತುಸಂಗ್ರಹಾಲಯದ ಅಂಗಳದಲ್ಲಿದೆ. ಎರಡನ್ನೂ ನೋಡಿದರೆ ಒಂದು ಕಥೆ ಪೂರ್ತಿಯಾಗುತ್ತದೆ. ಡೊಂಬಿವಲಿ, ಕಲ್ಯಾಣದ ಮಿತ್ರರಿಗೆ ಇನ್ನೂ ಹತ್ತಿರದಲ್ಲಿ ಅಂಬರನಾಥದ ಶಿವಾಲಯವಿದೆ. ಶಕ 982ರ, ಅಂದರೆ 1060ರ, ಶಿಲಾಹಾರ ಅರಸ ಮಮ್ವಾಣಿಯ ಶಾಸನ ಅಲ್ಲಿದೆ. ಶಿವರಾತ್ರಿಯ ಜಾತ್ರೆಗೆ ಹೋದವರಿದ್ದೀರಿ. ಅದರ ಗೋಡೆಗಳನ್ನು ಒಂದು ಸುತ್ತು ನಿಧಾನವಾಗಿ ಓದಿದವರು ಎಷ್ಟು ಮಂದಿ?

ನಮಗೆ ಕೇಳಿಬರುವ ಆಕ್ಷೇಪವೊಂದಿದೆ, ಅದು ಹಗುರವಾದುದಲ್ಲ. ಜೀವಮಾನವಿಡೀ ಬ್ಯಾಂಕಿನ ಕೌಂಟರಿನಲ್ಲೋ ಹೋಟೆಲಿನ ಗಲ್ಲದಲ್ಲೋ ಕುಳಿತವರು, ಅಡುಗೆಮನೆಯಿಂದ ಹೊರಗೆ ಕಾಲಿಡದ ತಾಯಂದಿರು, ಅರವತ್ತು ದಾಟಿದ ಮೇಲೆ ಮೊದಲ ಬಾರಿಗೆ ಹಿಮವನ್ನು ಮುಟ್ಟುತ್ತಾರೆ. ಅವರ ಸಂತೋಷಕ್ಕೆ ನೀವೇಕೆ ಕಲ್ಲು ಹಾಕುತ್ತೀರಿ? ನಾವು ಹಾಕುವುದಿಲ್ಲ. ಅಂಥ ತಾಯಿಯೊಬ್ಬಳು ಹಿಮ ಮುಟ್ಟಿ ನಕ್ಕ ಗಳಿಗೆ ಯಾವ ಪ್ರವಾಸಕಥನಕ್ಕಿಂತಲೂ ದೊಡ್ಡದು. ನಮ್ಮ ದೂರು, ಆ ಗಳಿಗೆಯನ್ನು ಅವಳು ಹೇಳುವಂತೆ ನಾವು ಬಿಡಲಿಲ್ಲ ಎಂಬುದು. ವೇದಿಕೆಯಲ್ಲಿ ಅವಳ ಗಂಡ ಹೋಟೆಲುಗಳ ಹೆಸರು ಓದುತ್ತಿದ್ದಾಗ ಅವಳು ಹಿಂದಿನ ಸಾಲಿನಲ್ಲಿ ಚಹಾ ಲೋಟ ಎಣಿಸುತ್ತಿದ್ದಳು.

ಅಲ್ಲದೆ ನಾವು ಮುಂಬಯಿ ಕನ್ನಡಿಗರು ಪ್ರವಾಸಿಗರ ಮಕ್ಕಳು. 1998ರಲ್ಲಿ ಕೊಂಕಣ ರೈಲು ಪೂರ್ತಿಯಾಗಿ ಓಡತೊಡಗುವ ಮುಂಚೆ, ಉಡುಪಿ ಮಂಗಳೂರುಗಳಿಂದ ಘಟ್ಟ ಹತ್ತಿಳಿದು ಬಸ್ಸಿನಲ್ಲಿ ಬಂದ ನಮ್ಮ ಅಪ್ಪಂದಿರು ಹೊಸ ಊರಿನಲ್ಲಿ ಮಾಡಿದ್ದೇನು? ಭಾಷೆ ಕಲಿತರು, ಹಗಲು ದುಡಿದು ರಾತ್ರಿಶಾಲೆಯಲ್ಲಿ ಓದಿದರು, ಬೀದಿಯ ಮರಾಠಿಯವನ ಜೊತೆ ಜಗಳಾಡಿ ಗೆಳೆತನ ಮಾಡಿದರು. ಅವರು ಬಂದ ಊರನ್ನು ಅವರು ಕಲಿತರು. ಮೂವತ್ತು ವರ್ಷದಿಂದ ಇಲ್ಲಿರುವ ನಾವು, ನಮ್ಮ ಸೆಕ್ಟರುಗಳು ಏಳುವ ಮೊದಲು ಇಲ್ಲಿದ್ದ ಆಗ್ರಿ ಮತ್ತು ಕೋಳಿ ಜನರ ಹಳ್ಳಿಗಳ ಒಳಬೀದಿಗಳಿಗೆ ಹೋಗಿಲ್ಲ.

ಈ ಮಾತಿಗೆ ಈಗ ಅವಸರವಿದೆ. ನಮ್ಮ ನೆರೆಯಲ್ಲೇ ಹೊಸ ವಿಮಾನ ನಿಲ್ದಾಣ ಬಂದಿದೆ. ಉಲ್ವೆಯ ಗುಡ್ಡವನ್ನು ಸಿಡಿಸಿ, ನದಿಯ ದಾರಿ ತಿರುಗಿಸಿ, ಹಳ್ಳಿಗಳನ್ನು ಎಬ್ಬಿಸಿ ಕಟ್ಟಿದ ಅದು 2025ರ ಅಕ್ಟೋಬರ್ 8ರಂದು ಉದ್ಘಾಟನೆಗೊಂಡಿತು. ಜಗತ್ತು ಇನ್ನು ಟ್ಯಾಕ್ಸಿಯ ದೂರದಲ್ಲಿದೆ. ನಮ್ಮ ಪಕ್ಕದ ಥಾಣೆ ಖಾರಿಗೆ ಪ್ರತಿ ಚಳಿಗಾಲ ಕಛ್ ಮೊದಲಾದ ಕಡೆಗಳಿಂದ ಫ್ಲೆಮಿಂಗೊಗಳು ಸಾವಿರಗಟ್ಟಲೆ ಬರುತ್ತವೆ. 2015ರಲ್ಲಿ ಅದು ಅವುಗಳ ಅಭಯಾರಣ್ಯವಾಯಿತು, 2022ರಲ್ಲಿ ರಾಮ್ಸರ್ ತಾಣವಾಯಿತು. ಐರೋಲಿಯಿಂದ ದೋಣಿಯಲ್ಲಿ ಹೋಗಿ ನೋಡಬಹುದು. 2024ರ ಮೇ 20ರ ರಾತ್ರಿ ಘಾಟ್ಕೋಪರದ ಮೇಲೆ ಇಳಿಯುತ್ತಿದ್ದ ವಿಮಾನಕ್ಕೆ ಸಿಕ್ಕಿ ಮೂವತ್ತಕ್ಕೂ ಹೆಚ್ಚು ಫ್ಲೆಮಿಂಗೊಗಳು ಸತ್ತು ಬೀದಿಯಲ್ಲಿ ಬಿದ್ದವು. ಒಂದು ಪ್ರವಾಸ ಇನ್ನೊಂದನ್ನು ಕೊಂದಿತು. ಆ ಹಕ್ಕಿಗಳನ್ನು ಒಮ್ಮೆಯೂ ನೋಡದವರಿಗೆ ಅದು ಬೆಳಗಿನ ಪತ್ರಿಕೆಯ ಸುದ್ದಿಯಷ್ಟೇ. ನೋಡದ್ದಕ್ಕಾಗಿ ಯಾರೂ ಅಳುವುದಿಲ್ಲ, ಯಾರೂ ಹೋರಾಡುವುದಿಲ್ಲ. ನಮ್ಮ ವಾದದ ತಿರುಳು ಇಷ್ಟೇ.

ಹಾಗಾದರೆ ಹೋದಲ್ಲಿ ಮಾಡಬೇಕಾದ್ದೇನು? ಹೊರಡುವ ಮುಂಚೆ ಆ ಊರಿನ ಬಗ್ಗೆ ಒಂದು ಪುಸ್ತಕ ಓದಿ. ಐದು ತಾಣಗಳ ಬದಲು ಒಂದರಲ್ಲಿ ಐದು ಗಂಟೆ ಇರಿ. ಅಲ್ಲಿಯ ಭಾಷೆಯ ಹತ್ತು ಮಾತು ಕಲಿತು ಒಬ್ಬರ ಜೊತೆಯಾದರೂ ಮಾತಾಡಿ. ಬರುವಾಗ ಏನಾದರೂ ಕೊಟ್ಟು ಬನ್ನಿ. ಈ ನಿಯಮ ಪ್ಯಾರಿಸ್ಸಿಗೂ ಸರಿ, ಬೋರಿವಲಿಗೂ ಸರಿ.

ಮಳೆ ನಿಂತ ಮೇಲಿನ ಮೊದಲ ಭಾನುವಾರ ನಮ್ಮ ಬಳಗ ಕನ್ಹೇರಿಗೆ ಹೋಗುವುದೆಂದು ತೀರ್ಮಾನಿಸಿದ್ದೇವೆ. ಬಂದವರೆಲ್ಲ ಒಂದೊಂದು ಪುಟ ಬರೆಯಬೇಕು, ಅದರಲ್ಲಿ ಊಟದ ಸುದ್ದಿ ಇರಕೂಡದು. ಹನ್ನೊಂದು ದಿನದ ಕಥನ ಓದಿದ ಹಿರಿಯರು ಮೊದಲ ಹೆಸರು ಕೊಟ್ಟಿದ್ದಾರೆ, ಅವರ ಪತ್ನಿ ಎರಡನೆಯದು. ಪ್ರಶ್ನೆ ಕೇಳಿದ ಹುಡುಗಿಯನ್ನೂ ಕರೆದಿದ್ದೇವೆ. ಈ ಸಲ ಅವಳು ಕೇಳಿದಾಗ ಚಹಾ ತರಿಸಿ ತಪ್ಪಿಸಿಕೊಳ್ಳುವಂತಿಲ್ಲ.