ಹೊಗೆ ಬಿಟ್ಟ ಮಾತ್ರಕ್ಕೆ ಉಗಿಬಂಡಿ ಆಗಲ್ಲ ಸ್ವಾಮಿ!

"ಅಲ್ಲಾ ಮಾರಾಯ್ರೆ, ಒಂದು ಮೋಟಾರು, ಒಂದು ಸೌಂಡ್ ಚಿಪ್ಪು ಹಾಕಿದ್ರೆ ಮುಗೀತು. ಈ ನೀರು, ಗ್ಯಾಸು, ಎಣ್ಣೆ ಅಂತ ಯಾಕೆ ಒದ್ದಾಡ್ತೀರಿ?"

ಹಿತ್ತಿಲಲ್ಲಿ ನಿಜವಾದ ಉಗಿಯಿಂದ ಪುಟ್ಟ ರೈಲು ಓಡಿಸೋ ಹುಚ್ಚಿರೋರೆಲ್ಲ ಈ ಮಾತು ಕೇಳಿ ಕೇಳಿ ಸುಸ್ತಾಗಿದ್ದೇವೆ. ಹೊರಗಿನವರು ಕೇಳಿದರೆ ನಕ್ಕು ಸುಮ್ಮನಾಗಬಹುದು. ಮಾದರಿ ರೈಲು ಇಟ್ಟುಕೊಂಡವರೇ ಹೀಗಂದಾಗ ಮಾತ್ರ ಮೈ ಉರಿಯುತ್ತೆ. ಅದಕ್ಕೇ ಈ ಪೋಸ್ಟು.

ಗೊತ್ತಿಲ್ಲದವರಿಗೆ ಎರಡು ಮಾತು. ಗಾರ್ಡನ್ ರೈಲ್ವೆಯ ಹುಚ್ಚು ಜಾಸ್ತಿ ಇರೋದು ಇಂಗ್ಲೆಂಡಿನಲ್ಲಿ. ಹೂಗಿಡಗಳ ನಡುವೆ 32 ಅಥವಾ 45 ಮಿಲಿಮೀಟರ್ ಅಗಲದ ಹಳಿ ಹಾಕ್ತಾರೆ. ಅಲ್ಲಿ ಬಹಳ ಬಳಕೆಯಲ್ಲಿರೋ ಒಂದು ಅಳತೆಯಲ್ಲಿ ನಿಜವಾದ ಒಂದು ಅಡಿಗೆ 16 ಮಿ.ಮೀ. ಲೆಕ್ಕ. ಅಂದರೆ ಎರಡಡಿ ಅಗಲದ ಹಳಿ 32 ಮಿ.ಮೀ. ಆಗುತ್ತೆ. ನಮ್ಮ ಡಾರ್ಜಿಲಿಂಗ್ ರೈಲಿನ ಹಳಿಯೂ ಎರಡಡಿಯದೇ. ಅದರ ಬಿ ಕ್ಲಾಸ್ ಇಂಜಿನ್ನನ್ನು ಡಾಂಕಾಸ್ಟರಿನ ರೌಂಡ್‌ಹೌಸ್ ಕಂಪನಿ ಉಗಿಯಲ್ಲೇ ಓಡೋ ಹಾಗೆ ಈ ಅಳತೆಯಲ್ಲಿ ಮಾಡಿದೆ.

ಈಗ ವಿಷಯಕ್ಕೆ ಬರ್ತೀನಿ. ನಮ್ಮ ಹಿರಿಯರು ರೈಲಿಗೆ ಎರಡು ಹೆಸರಿಟ್ಟಿದ್ದರು: ಹೊಗೆಬಂಡಿ, ಉಗಿಬಂಡಿ. ಎರಡೂ ಒಂದೇ ಅಂದುಕೊಂಡಿದ್ವಿ. ಈಗ ಬೇರೆ ಮಾಡೋ ಕಾಲ ಬಂದಿದೆ. ಹೊಟ್ಟೆಯಲ್ಲಿ ಮೋಟಾರು, ಚಿಮಣಿಯಲ್ಲಿ ನಾಲ್ಕು ತೊಟ್ಟು ಎಣ್ಣೆ ಕಾಯಿಸಿ ಹೊಗೆ ಬಿಡೋ ಸಾಧನ, ಎಲ್ಲೋ ರೆಕಾರ್ಡ್ ಮಾಡಿ ತಂದ ಛುಕ್ ಛುಕ್.. ಇದು ಹೊಗೆಬಂಡಿ. ಚೆನ್ನಾಗಿರುತ್ತೆ, ಇಲ್ಲ ಅನ್ನಲ್ಲ. ಆದರೆ ಬಗ್ಗಿ ನೋಡಿ. ಅಲ್ಲಿ ರಾಡು ಚಕ್ರವನ್ನು ತಿರುಗಿಸ್ತಾ ಇಲ್ಲ, ಚಕ್ರವೇ ರಾಡನ್ನು ಎಳೀತಾ ಇದೆ! ಗಾಡಿಯೇ ಎತ್ತನ್ನು ಎಳೆದ ಹಾಗೆ :-)

ಉಗಿ ಪಿಸ್ಟನ್ನನ್ನು ತಳ್ಳಬೇಕು. ನನ್ನ ಅಳತೆಗೋಲು ಇಷ್ಟೇ. ಕಲ್ಲಿದ್ದಲೇ ಆಗಬೇಕು ಅಂತ ಹಠ ಇಲ್ಲ. 2003ರಲ್ಲಿ ಹಾರ್ನ್‌ಬಿ ಕಂಪನಿ ಮನೆಯೊಳಗಿನ ಸಣ್ಣ ಹಳಿಗೇ ಒಂದು ಮ್ಯಾಲರ್ಡ್ ಇಂಜಿನ್ ತಂದಿತ್ತು. ಹಳಿಯ ಕರೆಂಟಿನಲ್ಲೇ ನೀರು ಕುದಿಸಿ, ಆ ಉಗಿಯಿಂದ ಓಡ್ತಿತ್ತು. ಬೆಂಕಿ ಇಲ್ಲದಿದ್ದರೂ ಅದು ಉಗಿಬಂಡಿಯೇ.

"ಇಷ್ಟು ಚಿಕ್ಕದರಲ್ಲಿ ಎಂಥಾ ಉಗಿ, ಬರೀ ಆಟಿಕೆ" ಅನ್ನೋರಿಗೆ ಉತ್ತರ ಒಂದು ಶತಮಾನದ ಹಿಂದೆಯೇ ಸಿಕ್ಕಿದೆ. 1920ರ ದಶಕದಲ್ಲಿ ಎಲ್‌ಬಿಎಸ್‌ಸಿ ಅನ್ನೋ ಹೆಸರಲ್ಲಿ 'ಮಾಡೆಲ್ ಇಂಜಿನಿಯರ್' ಪತ್ರಿಕೆಗೆ ಬರೀತಿದ್ದ ಕರ್ಲಿ ಲಾರೆನ್ಸ್, ಎರಡೂವರೆ ಇಂಚಿನ ಹಳಿಯ ತನ್ನ ಅಯೇಷಾ ಇಂಜಿನ್ನಿಗೆ ಕಲ್ಲಿದ್ದಲು ಹಾಕಿ ಆಳನ್ನೇ ಎಳೆಸಿ ತೋರಿಸಿದ. ಆಗಲ್ಲ ಅಂತ ವಾದ ಮಾಡ್ತಿದ್ದವರು ಆ ಕಾಲದ ದೊಡ್ಡ ದೊಡ್ಡ ಹೆಸರಿನವರೇ!

ಇಂಜಿನ್ನನ್ನು ಚಿಕ್ಕದು ಮಾಡಬಹುದು, ನೀರನ್ನು ಚಿಕ್ಕದು ಮಾಡೋಕಾಗಲ್ಲ. 19ರಲ್ಲಿ ಒಂದು ಅಳತೆಗೆ ಇಳಿಸಿದರೆ ಬಾಯ್ಲರಿನ ಮೈ 361ರಲ್ಲಿ ಒಂದು ಪಾಲಾಗುತ್ತೆ, ಅದರೊಳಗಿನ ನೀರು 6859ರಲ್ಲಿ ಒಂದು ಪಾಲು. ಅಂದರೆ ಇರೋ ನೀರಿಗೆ ಹೋಲಿಸಿದರೆ ಶಾಖ ಸೋರೋ ಮೈ 19 ಪಟ್ಟು ಜಾಸ್ತಿ. ಅದಕ್ಕೇ ಗಾಳಿ ಬೀಸಿದ ದಿನ ಪುಟ್ಟ ಇಂಜಿನ್ ಏದುಸಿರು ಬಿಡುತ್ತೆ. ತಣ್ಣಗಿನ ಸಿಲಿಂಡರಿಗೆ ಮೊದಲು ಹೋದ ಉಗಿ ನೀರಾಗಿ ಚಿಮಣಿಯಿಂದ ಉಗುಳುತ್ತೆ. 40 ಪಿಎಸ್‌ಐ ಒತ್ತಡದಲ್ಲಿ ನೀರು ಕುದಿಯೋದು 100ರಲ್ಲಿ ಅಲ್ಲ, ಸುಮಾರು 140 ಡಿಗ್ರಿಯಲ್ಲಿ. ದೊಡ್ಡ ಇಂಜಿನ್ನಿನ ಡ್ರೈವರಿಗೆ ಗೊತ್ತಿದ್ದ ಕಷ್ಟಗಳೇ ಇಲ್ಲೂ ಇವೆ. ಚಿಪ್ಪಿಗೆ ಇದ್ಯಾವುದೂ ಗೊತ್ತಿಲ್ಲ. ಅದು ಮಳೆಗಾಲದಲ್ಲೂ ಒಂದೇ ಥರ ಛುಕ್ ಛುಕ್ ಅನ್ನುತ್ತೆ.

ಇನ್ನು "ಅಪಾಯ" ಅನ್ನೋ ವಾದ. ಅಪಾಯ ಇದೆ, ನಿಜ. ಸ್ಪಿರಿಟ್ಟಿನ ಜ್ವಾಲೆ ಬಿಸಿಲಲ್ಲಿ ಕಣ್ಣಿಗೆ ಕಾಣೋದೇ ಕಷ್ಟ. ಮುಟ್ಟಿದರೆ ಕೈ ಸುಡುತ್ತೆ. ಆದರೆ ಒಳ್ಳೆಯ ಬಾಯ್ಲರನ್ನು ತಾಮ್ರದಲ್ಲಿ ಮಾಡಿ, ಬೆಳ್ಳಿ ಬೆಸುಗೆ ಹಾಕಿ, ಕೆಲಸದ ಒತ್ತಡದ ಎರಡು ಪಟ್ಟು ನೀರಿನ ಒತ್ತಡ ಕೊಟ್ಟು ಪರೀಕ್ಷೆ ಮಾಡ್ತಾರೆ. ಸೇಫ್ಟಿ ವಾಲ್ವ್ ಇರುತ್ತೆ. ಚೆನ್ನಾಗಿ ಯೋಚಿಸಿ ಮಾಡಿದ ಗ್ಯಾಸ್ ಇಂಜಿನ್ನಿನಲ್ಲಿ ನೀರಿಗಿಂತ ಮೊದಲು ಗ್ಯಾಸೇ ಮುಗಿಯೋ ಹಾಗೆ ಟ್ಯಾಂಕು ಇಟ್ಟಿರ್ತಾರೆ. ದಿನಾ ಬೆಳಗ್ಗೆ ಕುಕ್ಕರ್ ಕೂಗಿಸೋ ನಾವು ಇದಕ್ಕೆ ಹೆದರೋದಾ?

"ದುಬಾರಿ" ಅಂದರೆ ಮಾತ್ರ ನಾನು ವಾದ ಮಾಡಲ್ಲ. ಅದು ನಿಜ. ಕ್ಲಬ್ಬುಗಳಿಗೆ ಹೋಗಿ, ಬೇರೆಯವರ ಇಂಜಿನ್ನಿಗೆ ನೀರು ತುಂಬಿ ಕಲೀರಿ ಅಂತೀನಿ.

ಇಷ್ಟೆಲ್ಲ ಯಾಕೆ ತಲೆ ಕೆಡಿಸ್ಕೊಳ್ಳಬೇಕು? 1979ರಲ್ಲಿ ಶುರುವಾದ ಮೈಸೂರಿನ ರೈಲು ಮ್ಯೂಸಿಯಂ ನೋಡಿದವರಿಗೆ ಅಲ್ಲಿ ತಣ್ಣಗೆ ನಿಂತಿರೋ ಉಗಿ ಇಂಜಿನ್‌ಗಳು ನೆನಪಿರುತ್ತವೆ. ಮಕ್ಕಳು ಹತ್ತಿ ಇಳೀತಾರೆ, ಫೋಟೋ ತೆಗೆಸ್ಕೊಳ್ತಾರೆ. ಮ್ಯೂಸಿಯಂ ತಪ್ಪಲ್ಲ ಅದು. ಕಬ್ಬಿಣವನ್ನು ಕಾಪಾಡಿದೆ, ದೊಡ್ಡ ಕೆಲಸ. ಆದರೆ ಆ ಕಬ್ಬಿಣ ಹೇಗೆ ಕೆಲಸ ಮಾಡ್ತಿತ್ತು ಅನ್ನೋದು ಬಣ್ಣ ಹೊಡೆದರೆ ಉಳಿಯಲ್ಲ. ನೀಲಗಿರಿ, ಡಾರ್ಜಿಲಿಂಗ್‌ನಂಥ ನಾಲ್ಕು ಕಡೆ ಬಿಟ್ಟರೆ ನಮ್ಮ ದೇಶದ ಮಗುವಿಗೆ ಬಿಸಿ ಇಂಜಿನ್ ನೋಡೋ ಅವಕಾಶವೇ ಇಲ್ಲ.

ಅದೇ ಮಗುವಿನ ಮುಂದೆ ಅಂಗೈ ಅಗಲದ ಇಂಜಿನ್ ಇಡಿ. ಎಣ್ಣೆ ಡಬ್ಬಿಗೆ ಹೋದ ಉಗಿ ತಣ್ಣಗಾಗಿ ನೀರಾಗುತ್ತೆ, ನೀರು ತಳ ಸೇರುತ್ತೆ, ಮೇಲೆ ತೇಲಿದ ಎಣ್ಣೆ ಉಗಿಯ ಜೊತೆ ಸಿಲಿಂಡರಿಗೆ ಹೋಗುತ್ತೆ. ಪಂಪಿಲ್ಲ, ಬ್ಯಾಟರಿ ಇಲ್ಲ. ಒಂದು ಸಲ ಕಂಡರೆ ಜೀವಮಾನಕ್ಕೆ ಮರೆಯಲ್ಲ. ಗೇಜಿನ ಮುಳ್ಳು ಮೇಲೇರೋದನ್ನು ಕಾಯೋ ಆ ಹತ್ತು ನಿಮಿಷವೇ ಪಾಠ. ಸ್ವಿಚ್ ಒತ್ತಿದ ತಕ್ಷಣ ಓಡೋ ರೈಲು ಆ ಹತ್ತು ನಿಮಿಷವನ್ನೇ ಕದ್ದುಬಿಡುತ್ತೆ.

ಆದ್ದರಿಂದ ಮೋಟಾರಿನವರು ಖುಷಿಯಾಗಿ ಮೋಟಾರು ಓಡಿಸಲಿ. ನಮ್ಮ ಕೈಗೆ ಎಣ್ಣೆ ಹತ್ತಿದೆ ಅಂತ ಅಯ್ಯೋ ಪಾಪ ಅನ್ನೋದು ಬೇಡ. ಉಗಿಬಂಡಿ ಅನ್ನೋ ಹೆಸರನ್ನೂ ಉಗಿಗೇ ಬಿಡಿ.

ನೀವೇನಂತೀರಿ? ಜಗಳಕ್ಕೆ ನಾನು ರೆಡಿ :-)